ಪ್ರತಿಕ್ರಿಯೆ: ವಿಮಾನದಲ್ಲಿ ಬ್ಲೂಟೂತ್ ಶ್ರವಣಯಂತ್ರದ ಬಳಕೆ

ಅಮೆರಿಕದೊಳಗಿನ ವಿಮಾನ ಪ್ರಯಾಣದಲ್ಲಿ ನಿಮ್ಮ ತಂದೆಯವರು ಬ್ಲೂಟೂತ್ ಇರುವ ಶ್ರವಣಯಂತ್ರ ಧರಿಸಲು ಪ್ರತ್ಯೇಕ ಪ್ರಮಾಣಪತ್ರ ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಅಲ್ಲಿನ ಫೆಡರಲ್ ವಿಮಾನಯಾನ ನಿಯಮ 91.21, ಪ್ರಯಾಣಿಕರ ಎಲೆಕ್ಟ್ರಾನಿಕ್ ಸಾಧನಗಳ ಬಳಕೆಯನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತದೆಯಾದರೂ, ಶ್ರವಣಯಂತ್ರ, ಹೃದಯದ ಪೇಸ್‌ಮೇಕರ್, ಧ್ವನಿಮುದ್ರಕ ಮತ್ತು ವಿದ್ಯುತ್ ಶೇವರ್‌ಗಳನ್ನು ಹೆಸರಿಸಿಯೇ ಹೊರಗಿಟ್ಟಿದೆ. ಉಳಿದ ಸಾಧನಗಳ ವಿಷಯದಲ್ಲೂ ಪ್ರಯಾಣಿಕರಿಂದ ಪ್ರಮಾಣಪತ್ರ ಕೇಳುವುದಿಲ್ಲ. ಆ ಸಾಧನದಿಂದ ತನ್ನ ವಿಮಾನದ ಸಂಚಾರ ಹಾಗೂ ಸಂಪರ್ಕ ವ್ಯವಸ್ಥೆಗಳಿಗೆ ಅಡಚಣೆಯಾಗದೆಂದು ನಿರ್ಧರಿಸುವ ಹೊಣೆ ವಿಮಾನಯಾನ ಸಂಸ್ಥೆಯದೇ. ಈ ಹೊಣೆಗಾರಿಕೆ ಇರಬೇಕಾದ ಕಡೆಯೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಯಾವ ವಿಮಾನ ಎಷ್ಟು ರೇಡಿಯೋ ತರಂಗಗಳನ್ನು ತಾಳಬಲ್ಲದೆಂಬುದು ಪ್ರಯಾಣಿಕರಿಗೆ ತಿಳಿಯುವ ಸಂಗತಿಯಲ್ಲ.

ಎಚ್ಚರ ಬೇಕಿರುವುದು ಜೊತೆಗಿರುವ ಫೋನಿನ ಬಗ್ಗೆ. ವಿಮಾನ ಏರುವಾಗ ಮತ್ತು ಇಳಿಯುವಾಗಲೂ ಇಂಥ ಸಾಧನಗಳನ್ನು ಬಳಸಲು ಅವಕಾಶ ಕೊಟ್ಟ 2013ರ ಸಡಿಲಿಕೆಯ ನಂತರವೂ ಫೋನು ಏರೋಪ್ಲೇನ್ ಮೋಡ್‌ನಲ್ಲಿಯೇ ಇರಬೇಕು. ಆ ಮೋಡ್ ಹಾಕಿದಾಗ ಕೆಲವು ಫೋನುಗಳಲ್ಲಿ ಬ್ಲೂಟೂತ್ ಕೂಡ ಆರಿಹೋಗುವುದರಿಂದ, ಅದನ್ನು ಮತ್ತೆ ಪ್ರತ್ಯೇಕವಾಗಿ ಆನ್ ಮಾಡಬೇಕಾದೀತು. ಹಾಗೆ ಮಾಡಲು ಅನುಮತಿಯಿದೆ. ಮಂಜು ಕವಿದು ದಾರಿ ಕಾಣದಂಥ ಇಳಿಯುವಿಕೆಯಲ್ಲಿ ಸಾಧನಗಳನ್ನು ಆರಿಸುವಂತೆ ಸಿಬ್ಬಂದಿ ಹೇಳಿದರೆ ಫೋನನ್ನು ಕೂಡಲೇ ಆರಿಸಿ. ಫೋನಿನ ಸಂಪರ್ಕ ತಪ್ಪಿದರೂ ಶ್ರವಣಯಂತ್ರ ತನ್ನದೇ ಮೈಕ್‌ನಿಂದ ಕೆಲಸ ಮಾಡುವುದರಿಂದ, ತಂದೆಯವರಿಗೆ ಸುರಕ್ಷತಾ ಸೂಚನೆಗಳು ಕೇಳಿಸುತ್ತಲೇ ಇರುತ್ತವೆ.