ಹೊಸ ಒಕ್ಕೂಟ ಬೇಡ, ಮಳೆಗಾಲದ ಕೆಲಸ ಹಂಚಿಕೊಳ್ಳಿ

ಪ್ರಶ್ನೆ: ನಾವು ಮುಂಬೈಯ ಭಾಂಡುಪ್ ಪಶ್ಚಿಮದಲ್ಲಿ ಇದ್ದೇವೆ. ಇಲ್ಲಿ ಎರಡು ಜಾತಿ ಸಂಘಗಳ ಸ್ಥಳೀಯ ಸಮಿತಿ, ಒಂದು ಕನ್ನಡ ಸಂಘ, ಯಕ್ಷಗಾನ ಮಂಡಳಿ, ಅಯ್ಯಪ್ಪ ಪೂಜಾ ಸಮಿತಿ, ಮರಾಠಿಗರ ಗಣೇಶೋತ್ಸವ ಮಂಡಳ ಎಲ್ಲವೂ ಇವೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಗುಡ್ಡದ ಮೇಲೆ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕಾರ್ಮಿಕರ ಜೋಪಡಿಗಳಿವೆ. ಅವರೂ ಕನ್ನಡದವರೇ, ಆದರೆ ನಮ್ಮ ಯಾವ ಕಾರ್ಯಕ್ರಮಕ್ಕೂ ಬರುವುದಿಲ್ಲ. ಎಲ್ಲರನ್ನೂ ಸೇರಿಸಿ ಒಂದು ಒಕ್ಕೂಟ ಕಟ್ಟಬೇಕೆಂದಿದ್ದೇವೆ. ಹೇಗೆ ಶುರು ಮಾಡಬೇಕು?

ಉತ್ತರ: ಒಕ್ಕೂಟದಿಂದ ಶುರು ಮಾಡಬೇಡಿ. ಒಕ್ಕೂಟ ಅಂದ ಕೂಡಲೇ ಅಧ್ಯಕ್ಷರು ಯಾರು ಎಂಬ ಮಾತು ಬರುತ್ತದೆ. ಆಮೇಲೆ ಗೌರವಾಧ್ಯಕ್ಷರು, ಸಲಹೆಗಾರರು, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ. ನಮ್ಮ ಕೆಲವು ಸಭೆಗಳಲ್ಲಿ ವೇದಿಕೆಯ ಮೇಲಿನ ಕುರ್ಚಿಗಳೇ ಜಾಸ್ತಿ, ನಿಮಗೂ ಗೊತ್ತಲ್ವಾ? ಆರು ಗುಂಪು ಇರುವ ಕಡೆ ಒಕ್ಕೂಟ ಏಳನೆಯದಾಗಿ ಸೇರಿಕೊಳ್ಳುತ್ತದೆ, ಅಷ್ಟೇ.

ಅದರ ಬದಲು ಒಂದು ಕೆಲಸ ಹುಡುಕಿ. ಯಾವ ಗುಂಪೂ ಒಂಟಿಯಾಗಿ ಮಾಡಲಾಗದ ಕೆಲಸ ಆಗಿರಬೇಕು. ನಿಮ್ಮ ಊರಿಗೆ ಅದು ಎದುರಿಗೇ ಇದೆ: ಮಳೆಗಾಲ. 2021ರ ಜುಲೈ 18ರಂದು ನಡುರಾತ್ರಿ ಕಳೆದ ಮೇಲೆ ಚೆಂಬೂರಿನಲ್ಲಿ, ನಿಮಗೆ ಹತ್ತಿರದ ವಿಕ್ರೋಲಿಯಲ್ಲಿ ಗುಡ್ಡದ ಬದಿಯ ಮನೆಗಳ ಮೇಲೆ ಗೋಡೆ, ಮಣ್ಣು ಕುಸಿದು ಮಲಗಿದ್ದಲ್ಲೇ ಜನ ಸತ್ತರು. ನಿಮ್ಮ ಗುಡ್ಡದ ಮೇಲೂ ಅಂಥದೇ ಮನೆಗಳಿವೆ.

ಈಗ ಯಾರ ಹತ್ತಿರ ಏನಿದೆ ನೋಡಿ. ಸಂಘಕ್ಕೆ ಸಭಾಗೃಹ ಇರಬಹುದು. ಸದಸ್ಯರಲ್ಲಿ ಹೋಟೆಲಿನವರು ಇರುತ್ತಾರೆ, ರಾತ್ರಿ ನೂರು ಜನಕ್ಕೆ ಅನ್ನ ಸಾರು ಮಾಡುವುದು ಅವರಿಗೆ ದೊಡ್ಡ ಮಾತಲ್ಲ. ಗಣೇಶ ಮಂಡಳದಲ್ಲಿ ಹುಡುಗರಿದ್ದಾರೆ. ವಾರ್ಡ್ ಆಫೀಸಿನ ಯಾವ ಟೇಬಲಿಗೆ ಹೋದರೆ ಕೆಲಸ ಆಗುತ್ತದೆ ಎಂಬುದೂ ಅವರಿಗೆ ಗೊತ್ತು. ಮಹಿಳಾ ವಿಭಾಗಕ್ಕೆ ಮನೆಮನೆಯ ಪರಿಚಯ ಇದೆ. ಯಾವ ಗೋಡೆಯಲ್ಲಿ ನೀರು ಒಸರುತ್ತದೆ, ಯಾವ ಚರಂಡಿ ಕಟ್ಟಿಕೊಂಡಿದೆ ಎಂಬುದು ಮಾತ್ರ ಮೇಲೆ ಇರುವ ಕಾರ್ಮಿಕರಿಗೇ ಗೊತ್ತು. ಆ ಮಾಹಿತಿ ಇಲ್ಲದೆ ಉಳಿದವರ ಸಿದ್ಧತೆ ಎಲ್ಲ ವ್ಯರ್ಥ. ಹಾಗಾಗಿ ಅವರು ಮೊದಲ ಸಭೆಗೇ ಬರಬೇಕು. ಇನ್ನೂ ಒಳ್ಳೆಯದೆಂದರೆ ಮೊದಲ ಸಭೆಯನ್ನು ಗುಡ್ಡದ ಮೇಲೇ ಇಟ್ಟುಕೊಳ್ಳಿ, ಕೆಲಸಕ್ಕೆ ಹೋದವರು ವಾಪಸು ಬಂದ ಮೇಲೆ, ರಾತ್ರಿ ಎಂಟರ ನಂತರ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದರೆ ನಾಕಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾಯುವ ರಸ್ತೆ ಕೂಡಿನಲ್ಲಿ, ಕೂಲಿಗೆ ನಿಂತವನು ಹೇಗೆ ಬಂದಾನು? ಅವರು ಬರುವುದಿಲ್ಲ ಎಂದು ಬರೆದಿದ್ದೀರಿ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅವರ ಕೈಗೆ ಯಾರಾದರೂ ಕೊಟ್ಟಿದ್ದಾರಾ ಎಂದೂ ಒಮ್ಮೆ ವಿಚಾರಿಸಿ.

ಇಲ್ಲಿ ಎ. ಜೋಕಿನ್ ನೆನಪಾಗುತ್ತಾರೆ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಹುಟ್ಟಿ ಮುಂಬೈಗೆ ಬಂದವರು. ಮಾನ್‌ಖುರ್ದ್ ಬಳಿಯ ಜನತಾ ಕಾಲೊನಿಯಲ್ಲಿ ಕಸ ಎತ್ತುವವರೇ ಇಲ್ಲದಾಗ ಅವರು ಮಕ್ಕಳನ್ನು ಸೇರಿಸಿ, ಕಸ ಹೊರಿಸಿಕೊಂಡು ಹೋಗಿ ಪಾಲಿಕೆಯ ಕಚೇರಿ ಹತ್ತಿರವೇ ಸುರಿಸಿದರು. ಆಮೇಲೆ ಪಾಲಿಕೆ ಮಾತಿಗೆ ಬಂತು. ಮುಂದೆ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಕಟ್ಟಿದರು, 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಜೊತೆ ಕೆಲಸ ಮಾಡಿದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ, ಭಾಯಖಳಾದ (ಬೈಕುಲ್ಲಾ) ಫುಟ್‌ಪಾತಿನಲ್ಲಿ ವಾಸಿಸುವ ಹೆಂಗಸರಿಂದ ಶುರುವಾದ ಮಹಿಳಾ ಮಿಲನ್ ಸಂಘಟನೆ, ಇವರೆಲ್ಲ ಪಟ್ಟು ಹಿಡಿದು ಮಾಡಿದ ಕೆಲಸ ಒಂದಿದೆ. ತಮ್ಮ ಮನೆಗಳನ್ನು ತಾವೇ ಎಣಿಸಿದರು, ತಾವೇ ಬರೆದಿಟ್ಟರು. ಪಟ್ಟಿ ಕೈಯಲ್ಲಿದ್ದರೆ ಅಧಿಕಾರಿಯ ಮುಂದೆ ಬೇಡುವ ದನಿ ಹೋಗುತ್ತದೆ.

ನೀವೂ ಅದನ್ನೇ ಮಾಡಿ. ಮಳೆಯ ನೆಪದಲ್ಲಿ ಗುಡ್ಡದ ಯುವಕ ಯುವತಿಯರೇ ಒಂದು ಪಟ್ಟಿ ಬರೆಯಲಿ. ಅದರಲ್ಲಿ ಬೇರೆ ವಿಷಯಗಳೂ ಮೇಲೆ ಬರುತ್ತವೆ. ಶಾಲೆಗೆ ಹೋಗದ ಮಕ್ಕಳು ಇರುತ್ತಾರೆ. ವಯಸ್ಸಿನ ದಾಖಲೆ ಇಲ್ಲ ಎಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ. ಮುಂಬೈ ಪಾಲಿಕೆ ಕನ್ನಡ ಮಾಧ್ಯಮ ಶಾಲೆಗಳನ್ನೂ ನಡೆಸುತ್ತದೆ, ಅಲ್ಲಿ ಮಕ್ಕಳು ಸಾಲದೆ ಕಷ್ಟ. ಊರಿನ ರೇಷನ್ ಕಾರ್ಡಿನಲ್ಲಿ ಇಲ್ಲೇ ಧಾನ್ಯ ಪಡೆಯಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ನಾಕಾ ಕೂಲಿಗೆ ದಿನಕ್ಕೊಬ್ಬ ಮೇಸ್ತ್ರಿ, ಆ ಪತ್ರ ಬರೆದುಕೊಡುವವರು ಯಾರು? ನಿಮ್ಮ ಸಂಘಗಳಲ್ಲಿ ಕಂಟ್ರಾಕ್ಟರುಗಳು ಇದ್ದೇ ಇರುತ್ತಾರೆ. ಪ್ರತಿಭಾ ಪುರಸ್ಕಾರಕ್ಕೆ ದೇಣಿಗೆ ಕೊಡುವ ಅವರನ್ನು ಈ ಒಂದು ಸಹಿಗೂ ಕೇಳಿ. ಒಂದು ಎಚ್ಚರ: ಪಟ್ಟಿ ಗುಡ್ಡದವರ ಹತ್ತಿರವೇ ಇರಲಿ. ವಾಟ್ಸಾಪಿನಲ್ಲಿ ಹರಿದಾಡಬಾರದು, ಚುನಾವಣೆ ಹೊತ್ತಿಗೆ ಯಾರ ಕೈಗೂ ಸಿಗಬಾರದು.

ಸರ್ಕಾರದ ಕಡೆಯ ಬಾಗಿಲುಗಳನ್ನೂ ಬಳಸಿಕೊಳ್ಳಿ. 1997ರಿಂದ ಪಾಲಿಕೆ ಎಎಲ್ಎಂ ಎಂಬ ಸ್ಥಳೀಯ ನಾಗರಿಕ ಗುಂಪುಗಳನ್ನು ನಡೆಸುತ್ತಿದೆ. ಅದು ಹೆಚ್ಚಾಗಿ ಹೌಸಿಂಗ್ ಸೊಸೈಟಿ ಕಟ್ಟಡಗಳವರ ಕೂಟ, ಜೋಪಡಿಯವರು ಅದರಲ್ಲಿ ಕಾಣುವುದು ಕಡಿಮೆ. ನಿಮ್ಮಲ್ಲಿ ಯಾರಾದರೂ ಅದರಲ್ಲಿದ್ದರೆ ಗುಡ್ಡದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರೇ ಮಾತಾಡಲಿ. ಪಾಲಿಕೆಯ ವಿಪತ್ತು ಸಹಾಯವಾಣಿ 1916 ಎಲ್ಲರ ಫೋನಿನಲ್ಲೂ ಇರಲಿ.

ಇಷ್ಟೆಲ್ಲ ಸುಮ್ನೆ ಸೌಹಾರ್ದದ ಮಾತು ಎನ್ನುವವರಿಗೆ ಮುಂಬೈ ಹತ್ತಿರದ ಭಿವಂಡಿಯ ಕತೆ ಹೇಳಿ. 1984ರಲ್ಲಿ ಅಲ್ಲಿ ದೊಡ್ಡ ಹಿಂದೂ-ಮುಸ್ಲಿಂ ಗಲಭೆ ಆಗಿತ್ತು. 1988ರಲ್ಲಿ ಡಿಸಿಪಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಶುರು ಮಾಡಿದರು. ಪೊಲೀಸರು, ಎರಡೂ ಧರ್ಮದ ಸಾಮಾನ್ಯ ಜನ ಕೂತು ಸಣ್ಣಪುಟ್ಟ ತಂಟೆಗಳನ್ನು ಮಾತಾಡಿ ಮುಗಿಸುತ್ತಿದ್ದರು. 1992-93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಜಗಳ ಇಲ್ಲದ ದಿನಗಳಲ್ಲಿ ಆದ ಪರಿಚಯವೇ ಅಲ್ಲಿ ಕೆಲಸಕ್ಕೆ ಬಂತು. ಮುಂಬೈಯಲ್ಲಿ ಮೊಹಲ್ಲಾ ಕಮಿಟಿ ಚಳವಳಿ ಹುಟ್ಟಿದ್ದು ಗಲಭೆ ಆದ ಮೇಲೆ.

ಪ್ರಶ್ನೆ: ಇಂಥ ಕೆಲಸಕ್ಕೆ ಹಣ ಸೇರಿಸಬೇಕಲ್ಲ? ಹೊಸದಾಗಿ ನೋಂದಣಿ ಮಾಡಿಸಬೇಕೆ?

ಉತ್ತರ: ಮೊದಲ ವರ್ಷ ಬೇಡ. ಈಗಾಗಲೇ ನೋಂದಣಿ ಇರುವ ಒಂದು ಸಂಘ ಹಣ ಇಟ್ಟುಕೊಳ್ಳಲಿ, ಲೆಕ್ಕ ಬೇರೆ ಬರೆಯಲಿ, ತಿಂಗಳಿಗೊಮ್ಮೆ ಎಲ್ಲ ಗುಂಪುಗಳಿಗೂ ತೋರಿಸಲಿ. ಯಾವ ಸಂಘ ಎಂದು ತೀರ್ಮಾನಿಸುವ ಮೊದಲು ಅದರ ಉದ್ದೇಶಗಳ ಪಟ್ಟಿ ಓದಿ. ಸ್ವಂತ ಸಮಾಜದವರ ಏಳಿಗೆಗೆ ಮಾತ್ರ ಎಂದಿದ್ದರೆ ಆ ಹಣವನ್ನು ಹೊರಗಿನವರಿಗೆ ಖರ್ಚು ಮಾಡುವಂತಿಲ್ಲ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೀರಿ. ಕನ್ನಡ ಸಂಘದಂಥ ಎಲ್ಲರಿಗೂ ತೆರೆದ ಸಂಸ್ಥೆ ಇದಕ್ಕೆ ವಾಸಿ.

ಮುಂದೆ ಸ್ವಂತ ನೋಂದಣಿ ಬೇಕೆನಿಸಿದರೆ ಕನಿಷ್ಠ ಏಳು ಜನ ಸೇರಿ 1860ರ ಸೊಸೈಟಿ ಕಾಯ್ದೆಯಡಿ ಮಾಡಿಸಿ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ನೋಂದಣಿಯೂ ಜೊತೆಗೇ ಬರುತ್ತದೆ. ಆ ಏಳರಲ್ಲಿ ಗುಡ್ಡದವರು ಇಬ್ಬರಾದರೂ ಇರಲಿ. ಪದಾಧಿಕಾರಿಗಳು ಬದಲಾದಾಗಲೆಲ್ಲ ಚಾರಿಟಿ ಕಮಿಷನರ್ ಕಚೇರಿಗೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡಬೇಕು. ಅದನ್ನು ಮರೆತ ಸಂಘಗಳೇ ಆಮೇಲೆ ಜಗಳ ಬಂದಾಗ ಹಳೆಯ ಸಮಿತಿ ಸರಿಯೋ ಹೊಸದು ಸರಿಯೋ ಎಂದು ವರ್ಷಗಟ್ಟಲೆ ಅಲೆಯುವುದು.