ಕೊಚ್ಚಿ–ಮಂಗಳೂರು ಅನಿಲ ಕೊಳವೆ ಏಕೆ ತಡವಾಯಿತು?

ಸುಮಾರು 450 ಕಿ.ಮೀ. ಕೊಳವೆ ಹೂಳಲು ಅಷ್ಟು ವರ್ಷ ಏಕೆ ಬೇಕಾಯಿತು, ತಂತ್ರಜ್ಞಾನ ಇರಲಿಲ್ಲವೇ ಎಂದು ಕೇಳಿದ್ದೀರಿ. ತಂತ್ರಜ್ಞಾನ ಇತ್ತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತಳದಡಿ ಅಡ್ಡಲಾಗಿ ಕೊರೆದು ಕೊಳವೆ ಎಳೆದದ್ದು ಕಠಿಣ ಕೆಲಸವೇ, ಆದರೂ ನಿಜವಾದ ತೊಡಕು ನೆಲದ್ದು.

ಇಂಥ ಯೋಜನೆಗಳು ನಡೆಯುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಕಾಯಿದೆಯಡಿ. ಅದು ಜಮೀನನ್ನು ಕೊಳ್ಳುವುದಿಲ್ಲ, ಬಳಸುವ ಹಕ್ಕನ್ನಷ್ಟೇ ಪಡೆಯುತ್ತದೆ. ಒಡೆತನ ರೈತನದೇ, ಭತ್ತ, ತರಕಾರಿ ಬೆಳೆಯಬಹುದು. ಆದರೆ ಕೊಳವೆ ಹಾದುಹೋಗುವ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಕಾಯಿದೆ ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10 ಮಾತ್ರ! ವಿಶಾಲ ಹೊಲಗಳಿರುವ ಕಡೆ ಇದನ್ನು ಹೇಗೋ ಸಹಿಸಬಹುದು. ಕೇರಳದಲ್ಲಿ ಮನೆಗೆ ಮನೆ ತಾಗಿಕೊಂಡಿದೆ, ನಡುವೆ ಇರುವುದು ತೆಂಗು, ಅಡಿಕೆ. ಹತ್ತು ಸೆಂಟ್ಸ್ ಇರುವವನಿಗೆ ಆ ಪಟ್ಟಿಯೇ ಇಡೀ ಆಸ್ತಿ. ಅವನ ಸಿಟ್ಟನ್ನು ಅಭಿವೃದ್ಧಿ ವಿರೋಧ ಎನ್ನುವುದು ಅನ್ಯಾಯ.

ಅದರ ಮೇಲೆ 2014ರ ಜೂನ್‌ನಲ್ಲಿ ಆಂಧ್ರದ ನಗರಂನಲ್ಲಿ ಅನಿಲ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಯಕ್ಕೆ ಬೇರೆ ಕಾರಣ ಬೇಕೇ? 2017ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಮುಕ್ಕಂ ಬಳಿ ಪ್ರತಿಭಟನೆ ಘರ್ಷಣೆಗೆ ತಿರುಗಿತು. ಆಮೇಲೆ ಕೇರಳ ಸರ್ಕಾರ ಪರಿಹಾರ ಹೆಚ್ಚಿಸಿತು, ಕೆಲಸ ಮುಂದುವರಿಯಿತು.

ಉದ್ಘಾಟನೆ ಆದದ್ದು 2021ರ ಜನವರಿ 5ರಂದು. ಅದುವರೆಗೆ ಕಚ್ಚಾ ತೈಲದಿಂದ ಬರುವ ನಾಫ್ತಾ ಎಂಬ ದ್ರವವನ್ನು ನಂಬಿದ್ದ ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಈಗ ಈ ಅನಿಲದಿಂದಲೇ ಯೂರಿಯಾ ತಯಾರಿಸುತ್ತದೆ.