ಬೆಟ್ಟದ ಪಕ್ಕದ ಮನೆಗೆ ಬೆಂಕಿ ಭಯ: ಮೊದಲು ಮಾಡು (ಮನೆಯ ಚಾವಣಿ) ಗುಡಿಸಿ

ಶಿರಸಿ ಕಡೆ ಬೆಟ್ಟಕ್ಕೆ ತಾಗಿದ ಹಳೇ ಹೆಂಚಿನ ಮನೆ ಕೊಂಡಿದ್ದೀರಿ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಏನು ಗತಿ, ಸುತ್ತಲಿನ ಮರ ಎಲ್ಲ ಕಡಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಕಡಿಸಬೇಡಿ. ನಾನೂ ಇದೇ ಸೀಮೆಯ ಅಡಿಕೆ ತೋಟದವನು. ಹಲಸು, ಮಾವಿನಂಥ ಹಸಿ ಮರಕ್ಕೆ ಬೆಂಕಿ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.

ಕಾಡಿನಂಚಿನ ಮನೆಗಳು ಹೆಚ್ಚಾಗಿ ಸುಡುವುದು ಹಾರಿಬಂದ ಕಿಡಿಯಿಂದ. ಗಾಳಿ ಜೋರಿದ್ದರೆ ಕೆಂಡದ ಚೂರು ಒಂದು ಕಿಲೋಮೀಟರ್ ಆಚೆಯಿಂದಲೂ ಬರಬಹುದು. ಹೆಂಚು ಉರಿಯುವುದಿಲ್ಲ, ನಿಜ. ಆದರೆ ಹೆಂಚಿನ ಸಂದಿಯಲ್ಲಿ, ಮಳೆನೀರು ಹರಿಯುವ ದಂಬೆಯಲ್ಲಿ ತುಂಬಿದ ದರಕು, ಅಂದರೆ ಒಣಗಿದ ಎಲೆ, ಉರಿಯುತ್ತದೆ. ಅದರ ಕೆಳಗೇ ಹೆಂಚು ಹೊರುವ ಒಣಗಿದ ಮರದ ರೀಪು, ಪಕಾಸಿ ಇರುತ್ತವಲ್ವಾ? ಶಿವರಾತ್ರಿಗೆ ಮೊದಲೇ ಮಾಡು ಗುಡಿಸಿಸಿ, ಒಡೆದ ಹೆಂಚು ಬದಲಿಸಿ. ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿ. ಬೇಸಿಗೆ ಮುಗಿಯುವವರೆಗೂ ಆಗಾಗ ಗುಡಿಸುತ್ತಿರಿ.

ಆಮೇಲೆ ಗೋಡೆಯಿಂದ 5 ಅಡಿ ಜಾಗ. ಅಲ್ಲಿ ಒಣಗಿದ್ದು ಏನೂ ಬೇಡ. ಮಳೆಗಾಲದಲ್ಲಿ ಗೋಡೆಗೆ ಕಟ್ಟಿದ ಸೋಗೆ (ಒಣ ಗರಿ) ತಟ್ಟಿಯನ್ನು ಎಷ್ಟೋ ಮನೆಯಲ್ಲಿ ಏಪ್ರಿಲ್‌ವರೆಗೂ ಬಿಚ್ಚುವುದೇ ಇಲ್ಲ. ಅದು ಗೋಡೆಗೇ ಆನಿಸಿಟ್ಟ ಸೌದೆ. ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆ ದೂರ ಇಡಿ. ಹುಲ್ಲಿನ ಬಣವೆ ಕನಿಷ್ಠ 30 ಅಡಿ ಆಚೆ ಇರಲಿ.

ಅಷ್ಟು ದೂರದವರೆಗೆ ಕರಡ (ಒಣ ಹುಲ್ಲು), ಲಂಟಾನ, ಒಣ ಬಿದಿರು ಸವರಿಸಿ. ದೊಡ್ಡ ಮರಗಳ ಕೆಳಗಿನ ರೆಂಬೆ ಆರೆಂಟು ಅಡಿವರೆಗೆ ತೆಗೆಸಿದರೆ ನೆಲದ ಬೆಂಕಿ ಮೇಲಕ್ಕೆ ಹತ್ತುವುದು ಕಷ್ಟ. ಮನೆಯ ಕೆಳಗೆ ಇಳಿಜಾರಿದ್ದರೆ ಆ ಕಡೆ ಇನ್ನೂ ಜಾಸ್ತಿ ಸವರಿಸಿ, ಬೆಂಕಿ ಏರು ಹತ್ತುವಾಗ ಬಹಳ ಬೇಗ ಓಡುತ್ತದೆ. ಅಕೇಶಿಯಾ ತೋಪು ಪಕ್ಕದಲ್ಲಿದ್ದರೆ ಎಚ್ಚರ. ಅದರ ಎಲೆ ಬೇಗ ಕೊಳೆಯುವುದಿಲ್ಲ, ದಪ್ಪ ಹಾಸಾಗಿ ಬಿದ್ದಿರುತ್ತದೆ. ಕಾರವಾರ ಕಡೆ ಗಾಳಿಮರದ (ಕ್ಯಾಸುರಿನಾ) ಕೆಳಗೂ ಹೀಗೇ.

ಗುಡಿಸಿದ ದರಕಿಗೆ ಮಾತ್ರ ಬೆಂಕಿ ಹಾಕಬೇಡಿ. ತೋಟದವರಿಗೆ ಕೊಡಿ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ಎಲೆ ತರುವ ಕಾಡಿನ) ದರಕು ಹೀಗೆ ಪ್ರತಿ ವರ್ಷ ಮನೆ ಸೇರಿದರೆ ಉರಿಯಲು ಅಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಈಗ ಆಳಿಲ್ಲ, ದನವೂ ಕಮ್ಮಿ. ಗುಡಿಸದೆ ಬಿಟ್ಟ ಬೆಟ್ಟ ನೋಡಿದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಬೆಂಕಿ ಬಂದ ದಿನ ಕರೆಂಟ್ ಹೋಗಬಹುದು, ಪಂಪ್ ನಂಬಬೇಡಿ. ಡ್ರಮ್‌ಗಳಲ್ಲಿ ನೀರು, ಮಾಡಿಗೆ ಒಂದು ಏಣಿ ಸಿದ್ಧ ಇರಲಿ. 112ಕ್ಕೆ ಕರೆ ಮಾಡಿ, ಹೊಗೆ ದಟ್ಟವಾದರೆ ದನ ಬಿಚ್ಚಿ ಹೊರಟುಬಿಡಿ. ಬೆಂಕಿ ಆರಿದ ಮೇಲೂ ಒಂದು ರಾತ್ರಿ ಮಾಡನ್ನು ನೋಡುತ್ತಿರಿ, ಸಂದಿಯಲ್ಲಿ ಕೆಂಡ ಉಳಿದಿರುತ್ತದೆ.